ಅಪ್ಪನ ಕರುಳು ಮತ್ತು ಕಂಪನಿಯ ಕಾರ್ಡು

ನನಗೊಂದು ಚಟವಿದೆ. ಎಲೆಯಡಿಕೆಯದೋ ಚಹಾದ್ದೋ ಆಗಿದ್ದರೆ ಮನೆಯವರು ಹೇಗಾದರೂ ಸಹಿಸಿಕೊಳ್ಳುತ್ತಿದ್ದರು. ನನ್ನದು ‘ಇದಕ್ಕೆ ಹೊಣೆ ಯಾರು?’ ಎಂದು ಕೇಳುವ ಚಟ. ವಿಶ್ವವಿದ್ಯಾಲಯದಲ್ಲಿ ಓದುವಾಗ ಹಂಪಿಯ ಬಂಡೆಗಳ ಮೇಲೆ ಗೆಳತಿಯರೊಡನೆ ಕುಳಿತು ಪ್ರಭುತ್ವ, ಪ್ರಜೆ, ಉತ್ತರದಾಯಿತ್ವ ಎಂದು ಸಂಜೆಗಟ್ಟಲೆ ವಾದಿಸಿ, ಪದವಿಯ ಜೊತೆಗೆ ಇದನ್ನೂ ಹೊಸಪೇಟೆಯ ಮನೆಗೆ ತಂದೆ. ನಲ್ಲಿಯಲ್ಲಿ ನೀರು ಬರದಿದ್ದರೆ ನಗರಸಭೆಗೆ ಒಂದು ಪತ್ರ ಹೋಗುತ್ತದೆ, ಕಂಪ್ಲಿಯ ಬಸ್ಸು ಬರದಿದ್ದರೆ ಡಿಪೋಗೆ ಇನ್ನೊಂದು. ಅದಿರಿನ ಲಾರಿಗಳು ರಸ್ತೆಯನ್ನು ಹೊಂಡ ಮಾಡಿದ್ದರ ಬಗ್ಗೆ ಬರೆದ ಪತ್ರಗಳನ್ನು ಒಟ್ಟು ಮಾಡಿ ಹಾಕಿದ್ದರೆ ಆ ಹೊಂಡಗಳಾದರೂ ತುಂಬುತ್ತಿದ್ದವು. ಮನೆಯಲ್ಲೂ ಅದರ ಪರಿಣಾಮವಿದೆ. ಸಾರಿಗೆ ಉಪ್ಪು ಮರೆತ ದಿನ ಅವ್ವ ನಾನು ಬಾಯಿ ತೆರೆಯುವ ಮೊದಲೇ ತಟ್ಟೆ ಮುಂದಿಟ್ಟು, ‘ನಾನೇ ಹೊಣೆ, ಸುಮ್ನ ಉಣ್ಣು’ ಎಂದುಬಿಡುತ್ತಾಳೆ. ಇಷ್ಟು ಸುಲಭವಾಗಿ ಹೊಣೆ ಒಪ್ಪಿಕೊಂಡ ಇನ್ನೊಂದು ಸಂಸ್ಥೆಯನ್ನು ನಾನು ಈವರೆಗೆ ಕಂಡಿಲ್ಲ.

ಇಂಥ ನನಗೆ ಒಂದು ದೊಡ್ಡ ಹೋರಾಟದ ವಿಷಯ ಸಿಕ್ಕಿದ್ದು, ಹೇಳಲು ಸ್ವಲ್ಪ ಸಂಕೋಚವಾಗುತ್ತದೆ, ಅಪ್ಪನ ದೊಡ್ಡ ಕರುಳಿನಲ್ಲಿ.

ಅದಕ್ಕೆ ಮೊದಲು ಮಲಪನಗುಡಿಯ ದೊಡ್ಡಪ್ಪನ ಮಾತು ಹೇಳಬೇಕು. ಅಪ್ಪನ ಅಣ್ಣ. ಎಳೆಗರುವನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದ ಆಳು. ಮಲದಲ್ಲಿ ರಕ್ತ ಕಂಡಾಗ ಅದನ್ನು ಮೂಲವ್ಯಾಧಿ ಎಂದು ತಾನೇ ತೀರ್ಮಾನಿಸಿ, ಯಾರಿಗೂ ಹೇಳದೆ, ಬಹಳ ದಿನ ಮಜ್ಜಿಗೆ ಕುಡಿದುಕೊಂಡು ಕಳೆದ. ನಮ್ಮವರು ಹಾಗೆಯೇ. ಹೊಟ್ಟೆಗೆ ಏನು ಹೋಯಿತು ಎಂಬುದನ್ನು ಇಡೀ ಓಣಿಗೆ ವರದಿ ಮಾಡುತ್ತಾರೆ, ಹೇಗೆ ಹೊರಗೆ ಬಂತು ಎಂಬುದನ್ನು ಹೆಂಡತಿಗೂ ಹೇಳುವುದಿಲ್ಲ. ಗೊತ್ತಾಗುವ ಹೊತ್ತಿಗೆ ಕರುಳಿನ ಕ್ಯಾನ್ಸರು ಲಿವರನ್ನೂ ಮುಟ್ಟಿತ್ತು. ಕೊನೆಯ ದಿನಗಳಲ್ಲಿ ದೊಡ್ಡಪ್ಪ ತಟ್ಟೆಯನ್ನು ಕೈಯಿಂದ ಆಚೆ ಸರಿಸುತ್ತಿದ್ದ. ಅದೊಂದು ಚಿತ್ರ ನಮ್ಮ ಮನೆತನದ ಎಲ್ಲರ ಕಣ್ಣಲ್ಲೂ ಉಳಿದುಬಿಟ್ಟಿದೆ. ಬಳ್ಳಾರಿಯಿಂದ ವಾರಕ್ಕೊಮ್ಮೆ ನಮ್ಮೂರಿನ ನರ್ಸಿಂಗ್ ಹೋಮಿಗೆ ಬರುವ ಹೊಟ್ಟೆಯ ಡಾಕ್ಟರಮ್ಮ ಆಗಲೇ ಹೇಳಿದ್ದರು: ಬೆನ್ನಿಗೆ ಹುಟ್ಟಿದವರೆಲ್ಲ ಏನೂ ತೊಂದರೆ ಇಲ್ಲದಿದ್ದರೂ ಒಮ್ಮೆ ಕ್ಯಾಮೆರಾದ ಕೊಳವೆ ಬಿಟ್ಟು ದೊಡ್ಡ ಕರುಳನ್ನು ನೋಡಿಸಿಕೊಳ್ಳಬೇಕು, ಈ ರೋಗ ಮೊದಲು ಸಣ್ಣ ಗಂಟಾಗಿ ಬಂದು ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತದೆ, ಆಗಲೇ ತೆಗೆದರೆ ಮುಗಿಯಿತು.

ಅಪ್ಪ ಸಂಡೂರಿನ ಕಡೆಯ ಒಂದು ಅದಿರು ಕಂಪನಿಯಲ್ಲಿ ಲಾರಿ ತೂಗುವ ಕಾಟಾ ನೋಡಿಕೊಳ್ಳುತ್ತಾನೆ. ಅದು ಕೆಂಪು ಮಣ್ಣು ಚಿನ್ನದ ಬೆಲೆಗೆ ಹಡಗು ಹತ್ತುತ್ತಿದ್ದ ಕಾಲ. ನಿನ್ನೆ ಸೈಕಲ್ ತುಳಿಯುತ್ತಿದ್ದವರು ಇವತ್ತು ಕಾರಿನ ಗಾಜು ಇಳಿಸಿ ಮಾತಾಡಿಸುತ್ತಿದ್ದರು. ತಲೆಯ ಮೇಲೆ ಹೆಲಿಕಾಪ್ಟರ್ ಹೋದರೆ ಮಕ್ಕಳು ಆಟ ನಿಲ್ಲಿಸಿ ನೋಡುವುದನ್ನೂ ಬಿಟ್ಟಿದ್ದರು. ಆ ಐಶ್ವರ್ಯದಲ್ಲಿ ನಮ್ಮ ಮನೆಗೆ ಬಂದದ್ದು ಎರಡೇ: ಅಪ್ಪನ ಅಂಗಿಯ ಮೇಲಿನ ಕೆಂಪು ಧೂಳು ಮತ್ತು ಅಂಗಿಯ ಜೇಬಿನೊಳಗಿನ ಆರೋಗ್ಯ ವಿಮೆಯ ಕಾರ್ಡು. ಧೂಳನ್ನು ಅವ್ವ ದಿನಾ ಒಗೆಯುತ್ತಿದ್ದಳು, ಕಾರ್ಡನ್ನು ಅಪ್ಪ ದಿನಾ ಒರೆಸುತ್ತಿದ್ದ. ಮನೆಗೆ ಯಾರೇ ಬರಲಿ, ನೀರು ಕೊಟ್ಟ ಮೇಲೆ ಕಾರ್ಡು ತೋರಿಸುವುದು ಪದ್ಧತಿಯಾಗಿತ್ತು. ಅದರ ಮೇಲಿನ ಫೋಟೋದಲ್ಲಿ ಅಪ್ಪ, ಯಾವ ರೋಗವೂ ತನ್ನ ಹತ್ತಿರ ಬರಲಾರದು ಎಂಬ ಮುಖ ಮಾಡಿಕೊಂಡಿದ್ದ.

ಪರೀಕ್ಷೆ ಮಾಡಿಸಿಕೋ ಎಂದು ನಾನು ಹಿಂದೆ ಬಿದ್ದಾಗ ಅಪ್ಪ ಒಂದು ಷರತ್ತು ಹಾಕಿದ. ‘ಕಾರ್ಡ್ ನಡೀತೈತಿ ಅಂದ್ರ ಬರ್ತೀನವ್ವ. ನಡಿಯಂಗಿಲ್ಲಂದ್ರ ಯಾಕ? ನನಗೇನಾಗೈತಿ?’ ಇದು ಹಣದ ಮಾತಲ್ಲ, ಭಯದ ಮಾತು ಎಂದು ನನಗೆ ತಿಳಿಯಿತು. ಕೊಳವೆಯ ಭಯ ಅರ್ಧ, ಅದು ಒಳಗೆ ಏನನ್ನು ಕಂಡೀತೋ ಎಂಬ ಭಯ ಉಳಿದರ್ಧ. ಕಾರ್ಡು ನಡೆಯದಿರಲಿ ಎಂದೇ ಅವನು ಬೇಡಿಕೊಳ್ಳುತ್ತಿದ್ದ ಎಂದು ಕಾಣುತ್ತದೆ. ಆದರೆ ತನ್ನ ಮಗಳ ಚಟವನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ನರ್ಸಿಂಗ್ ಹೋಮಿನ ಬಾಗಿಲಲ್ಲಿಯೇ, ಔಷಧದ ಅಂಗಡಿಯ ಪಕ್ಕದಲ್ಲಿ, ವಿಮೆಯ ಮೇಜು. ಅದರ ಹಿಂದೆ ಕೊಟ್ರೇಶ ಎಂಬ ಸೌಮ್ಯ ಮನುಷ್ಯ. ನಾನು ಎಷ್ಟು ಬಿಸಿಯಾಗಿ ಹೋದರೂ ಆತ ಕುರ್ಚಿ ತೋರಿಸಿ, ‘ಕುಂದರ್ರಿ ಮೇಡಂ’ ಎಂದು ಅರ್ಧ ಬಿಸಿ ಇಳಿಸಿಬಿಡುತ್ತಿದ್ದ. ಆತ ವಿವರಿಸಿದ ನಿಯಮ ಹೀಗಿತ್ತು. ಕರುಳಿನ ಕ್ಯಾನ್ಸರಿಗೆ ಕಾರ್ಡು ನಡೆಯುತ್ತದೆ. ಆಪರೇಷನ್ನಿಗೆ ನಡೆಯುತ್ತದೆ, ಆಮೇಲಿನ ಔಷಧಕ್ಕೂ ನಡೆಯುತ್ತದೆ. ಕ್ಯಾನ್ಸರು ಇದೆಯೋ ಇಲ್ಲವೋ ಎಂದು ನೋಡುವುದಕ್ಕೆ ಮಾತ್ರ ನಡೆಯುವುದಿಲ್ಲ. ರೋಗಿ ಆಸ್ಪತ್ರೆಯಲ್ಲಿ ಒಂದು ರಾತ್ರಿಯಾದರೂ ಮಲಗಬೇಕು ಮತ್ತು ಏನಾದರೊಂದು ಚಿಕಿತ್ಸೆ ಆಗಬೇಕು.

‘ಅಂದರೆ ನಮ್ಮಪ್ಪನಿಗೆ ಏನೂ ಇಲ್ಲದಿದ್ದರೆ ಏನೂ ಇಲ್ಲ, ಸಾಯುವ ಹಾಗಿದ್ದರೆ ಎಲ್ಲವೂ ಇದೆ. ಹೌದೇ?’ ಎಂದು ಕೇಳಿದೆ.

ಕೊಟ್ರೇಶ ಪೆನ್ನು ಮೇಜಿನ ಮೇಲಿಟ್ಟ. ‘ಮನಿ ಸುಟ್ರ ಕೊಡ್ತೀವ್ರಿ ಮೇಡಂ. ಒಲಿ ಆರೈತೋ ಇಲ್ಲೋ ಅಂತ ನೋಡಿ ಬರಾಕ ಕೊಡಂಗಿಲ್ರಿ.’

ಇಷ್ಟು ಸ್ಪಷ್ಟವಾಗಿ ತನ್ನ ಕಂಪನಿಯ ತಪ್ಪನ್ನು ಹೇಳಿದ ಮನುಷ್ಯನ ಮೇಲೆ ಕೂಗಾಡುವುದು ಹೇಗೆ? ಮನೆಗೆ ಬಂದು ಕೂಗಾಟವನ್ನು ಪತ್ರದಲ್ಲಿ ಹಾಕಿದೆ. ಕೋಟಿಗಟ್ಟಲೆ ಅದಿರು ಸಾಗಿಸುವವರು ಅದನ್ನು ತೂಗುವವನ ಕರುಳಿನೊಳಗೆ ಒಮ್ಮೆ ಇಣುಕಲು ಒಪ್ಪುವುದಿಲ್ಲವೆಂದರೆ ಆ ವಿಮೆ ಯಾರ ಕ್ಷೇಮಕ್ಕಾಗಿ, ಬೇಗ ನೋಡಿದರೆ ಉಳಿಯುವ ಜೀವವನ್ನು ತಡವಾಗಿ ನೋಡಿ ಕಳೆದುಕೊಳ್ಳುವುದಕ್ಕೆ ಹೊಣೆ ಯಾರು ಎಂದು ವಿಮಾ ಕಂಪನಿಗೂ ಅದಿರು ಕಂಪನಿಗೂ ಬರೆದೆ. ಆ ಮಾತುಗಳಲ್ಲಿ ಒಂದನ್ನೂ ನಾನು ಇವತ್ತಿಗೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಉತ್ತರ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಡಾಕ್ಟರಮ್ಮನೇ ಒಂದು ದಾರಿ ತೋರಿಸಿದರು. ಅಪ್ಪನಿಗೆ ಬಿ.ಪಿ. ಇದೆ, ಕರುಳು ಖಾಲಿ ಮಾಡುವ ಔಷಧ ಕುಡಿಸುವಾಗ ಸುಸ್ತಾಗಬಹುದು, ಹಿಂದಿನ ದಿನವೇ ಸೇರಿಸಿಕೊಂಡು ನೋಡಿಕೊಳ್ಳುವುದರಲ್ಲಿ ತಪ್ಪೇನಿಲ್ಲ ಎಂದರು. ಹಾಗಾದರೆ ಒಂದು ರಾತ್ರಿ ಆಯಿತು, ಗಂಟೇನಾದರೂ ಸಿಕ್ಕಿ ತೆಗೆದರೆ ಚಿಕಿತ್ಸೆಯೂ ಆಯಿತು. ‘ನೋಡೂಣ್ರಿ’ ಎಂದ ಕೊಟ್ರೇಶ. ನಾನು ಅರ್ಧ ಗೆದ್ದವಳಂತೆ ಮನೆಗೆ ಬಂದೆ. ಷರತ್ತು ಹಾಕಿ ಸಿಕ್ಕಿಬಿದ್ದ ಅಪ್ಪ ಟವೆಲ್ಲು ಮಡಚಿ ಚೀಲಕ್ಕೆ ಹಾಕಿಕೊಂಡ.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಅಪ್ಪ ಹಾಸಿಗೆ ಹಿಡಿದ, ಅಂದರೆ ಆಸ್ಪತ್ರೆಯವರು ತೋರಿಸಿದ ಹಾಸಿಗೆಯ ತುದಿಯಲ್ಲಿ ಮುದುಡಿ ಕುಳಿತ. ಇಡೀ ದಿನ ಗಟ್ಟಿ ಪದಾರ್ಥ ಏನೂ ತಿನ್ನಬಾರದು, ಎಳನೀರು, ತಿಳಿ ನೀರಿನಂಥದ್ದು ಕುಡಿಯಬಹುದು, ಸಂಜೆಯಿಂದ ಔಷಧ ಬೆರೆಸಿದ ಉಪ್ಪು ನೀರು, ಇದು ನರ್ಸಮ್ಮನ ಆಜ್ಞೆ. ಅಪ್ಪ ಅದನ್ನು ತನ್ನ ವೃತ್ತಿಧರ್ಮಕ್ಕೆ ಹೊಂದಿಸಿಕೊಂಡು ಒಪ್ಪಿದ. ಕಾಟಾದ ಮೇಲೆ ಲಾರಿಯನ್ನು ಮೊದಲು ಖಾಲಿ ತೂಗಿ, ಆಮೇಲೆ ತುಂಬಿ ತೂಗುತ್ತಾರಂತೆ. ‘ಖಾಲಿ ತೂಕ ಸರಿ ಇಲ್ಲಂದ್ರ ಲೋಡಿನ ಲೆಕ್ಕಕ್ಕ ಅರ್ಥಾನೇ ಇಲ್ಲ ಸಿಸ್ಟರ್’ ಎಂದು ಆಕೆಗೇ ಪಾಠ ಹೇಳಿದ. ಅವನ ಉತ್ಸಾಹ ಕಂಡು ನಾನು ನಿಶ್ಚಿಂತಳಾಗಿ ಕೆಳಗೆ ಹೋಗಿ ಕೊಟ್ರೇಶನ ಮುಂದೆ ಕುಳಿತೆ. ‘ಚಿಕಿತ್ಸೆ’ ಎಂದರೆ ಏನು, ಗಂಟು ಸಿಗದಿದ್ದರೆ ಸಿಗಲಿಲ್ಲವೆಂದು ತಿಳಿದದ್ದೂ ಮನಸ್ಸಿಗೆ ಒಂದು ಚಿಕಿತ್ಸೆಯಲ್ಲವೇ ಎಂದು ವಾದ ಬೆಳೆಯಿತು. ಆತನೂ ಚೆನ್ನಾಗಿ ವಾದಿಸುತ್ತಿದ್ದ. ನಡುವೆ ಎರಡು ಸಲ ಚಹಾ ತರಿಸಿದ. ಸಂಜೆಯಾದದ್ದೇ ಗೊತ್ತಾಗಲಿಲ್ಲ.

ನಾನು ಮರೆತದ್ದು ಒಂದನ್ನು. ನಮ್ಮ ಕಡೆ ಒಬ್ಬರು ಆಸ್ಪತ್ರೆ ಸೇರಿದರೆಂದರೆ ಊರೆಲ್ಲ ಹೋಗಿ ಮಾತಾಡಿಸಿಕೊಂಡು ಬರಬೇಕು. ಯಾಕೆ ಸೇರಿದರು ಎಂಬುದು ಮುಖ್ಯವಲ್ಲ. ನೋಡಲು ಹೋಗದಿದ್ದರೆ ಮುಂದಿನ ಮದುವೆಯ ತನಕ ಆ ಮಾತು ಉಳಿಯುತ್ತದೆ. ಬರಿಗೈಯಲ್ಲಿ ಹೋಗುವ ಹಾಗಿಲ್ಲ, ತಂದದ್ದನ್ನು ರೋಗಿ ತಮ್ಮ ಕಣ್ಣೆದುರು ಒಂದು ತುತ್ತಾದರೂ ತಿನ್ನದೆ ಎದ್ದು ಬರುವ ಹಾಗೂ ಇಲ್ಲ. ವಿಮಾ ಕಂಪನಿಗಾಗಿ ನಾನು ಒಬ್ಬ ಗಟ್ಟಿಮುಟ್ಟಾದ ಮನುಷ್ಯನನ್ನು ರೋಗಿಯೆಂದು ಹಾಸಿಗೆಯಲ್ಲಿ ಕೂರಿಸಿದ್ದೆ. ಬಂಧುಬಳಗ ಅದನ್ನು ವಿಮಾ ಕಂಪನಿಗಿಂತ ಗಂಭೀರವಾಗಿ ತೆಗೆದುಕೊಂಡಿತು.

ಮರುದಿನ ಬೆಳಿಗ್ಗೆ ಅಪ್ಪನನ್ನು ಒಳಗೆ ಕರೆದುಕೊಂಡು ಹೋದರು. ಹೋದಷ್ಟೇ ಬೇಗ ಡಾಕ್ಟರಮ್ಮ ಹೊರಗೆ ಬಂದರು. ಅವರ ಮುಖ ನೋಡಿ ನಾನು ಬೆಂಚಿನಿಂದ ಎದ್ದೆ. ದೊಡ್ಡಪ್ಪ ತಟ್ಟೆ ಸರಿಸುತ್ತಿದ್ದ ಕೈ ಕಣ್ಣ ಮುಂದೆ ಬಂತು. ಅವರು ಕೇಳಿದ್ದು ಇಷ್ಟೇ: ‘ನಿಮ್ಮ ತಂದೆ ನಿನ್ನೆ ಯಾವುದಾದರೂ ಮದುವೆಗೆ ಹೋಗಿದ್ದರೇನಮ್ಮ?’ ಪರದೆಯ ಮೇಲೆ ಕರುಳು ಕಾಣುತ್ತಿರಲಿಲ್ಲವಂತೆ. ಶೇಂಗಾ ಕಾಣುತ್ತಿತ್ತಂತೆ, ಮೆಣಸಿನಕಾಯಿಯ ಬೀಜವೂ. ಇಂಥ ಕರುಳಿನಲ್ಲಿ ಗಂಟು ಹುಡುಕುವುದಕ್ಕಾಗುವುದಿಲ್ಲ, ಇನ್ನೊಂದು ವಾರ ಬನ್ನಿ ಎಂದು ಕೈಗವಸು ಕಳಚಿದರು.

ವಾರ್ಡಿನಲ್ಲಿಯೇ ನಾನು ವಿಚಾರಣೆ ಆರಂಭಿಸಿದೆ. ಹೊಣೆ ಯಾರು? ಎಮ್ಮಿಗನೂರಿನ ಅತ್ತೆ, ಎಂದರೆ ಅಪ್ಪನ ತಂಗಿ, ಅರ್ಧ ಶೇಂಗಾ ಹೋಳಿಗೆಯನ್ನು ಮಾತ್ರ ಕೊಟ್ಟೆನೆಂದು ಒಪ್ಪಿಕೊಂಡಳು. ಅರ್ಧ ತಿನ್ನುವುದನ್ನು ತಿನ್ನುವುದೆಂದು ಯಾರೂ ಕರೆಯುವುದಿಲ್ಲ ಎಂಬುದು ಅವಳ ವಾದ. ಕಾಟಾದ ಮೇಲೆ ಅಪ್ಪನ ಜೊತೆ ಕೆಲಸ ಮಾಡುವ ಹನುಮಂತಪ್ಪ ಮಂಡಕ್ಕಿಯ ಮಂಡಾಳ ಒಗ್ಗರಣೆ, ಮಿರ್ಚಿ ಬಜ್ಜಿಯ ಪೊಟ್ಟಣ ತಂದಿದ್ದ. ರೋಗಿಗೆ ಕೊಡುವುದು ಎಂದು ಎಚ್ಚರದಿಂದ ಮಿರ್ಚಿಯ ಬೀಜ ತೆಗೆದೇ ಕೊಟ್ಟಿದ್ದನಂತೆ. ಎಲ್ಲ ಬೀಜ ಬಂದಿರಲಿಕ್ಕಿಲ್ಲ ಎಂದು ವಿಷಾದಿಸಿದ. ಅವ್ವನನ್ನು ಕೇಳುವ ಮೊದಲೇ ಆಕೆ, ‘ನಾನೇ ಹೊಣೆ’ ಎಂದಳು. ಉಪ್ಪು ನೀರಿಗೆ ಬಾಯಿ ಕೆಟ್ಟಿರುತ್ತದೆ ಎಂದು ಒಂದಿಷ್ಟು ಮೊಸರನ್ನ ತಿನ್ನಿಸಿದ್ದಳು, ಅನ್ನ ಮೆತ್ತಗಿತ್ತು, ಅದನ್ನು ನೀರೆಂದೇ ತಿಳಿಯಬೇಕು. ಕೊನೆಗೆ ಮುಖ್ಯ ಆರೋಪಿಯ ಕಡೆ ತಿರುಗಿದೆ. ಖಾಲಿ ತೂಕದ ಮೇಲೆ ಭಾಷಣ ಮಾಡಿದವನು ನೀನೇ ಅಲ್ಲವೇ ಎಂದೆ. ಅಪ್ಪ ಹೊದಿಕೆಯ ಅಂಚನ್ನು ತಿರುವುತ್ತ ಕುಳಿತಿದ್ದ. ಅತ್ತೆ ನೀರು ತರಲು ಹೊರಗೆ ಹೋದ ಮೇಲೆ ಮೆಲ್ಲಗೆ ಬಾಯಿಬಿಟ್ಟ.

‘ನಾ ಮೊದ್ಲು ಬ್ಯಾಡ ಅಂತ ತಟ್ಟಿ ಸರಿಸಿದ್ನೆವ್ವ. ಆಕಿ ಅದನ್ನ ನೋಡಿ ಅಳಾಕ ಹತ್ತಿಬಿಟ್ಳು. ಅಣ್ಣನೂ ಹಿಂಗ ಸರಿಸ್ತಿದ್ದ ಅಂತ. ಏನ್ ಮಾಡ್ಲಿ, ತಿಂದು ತೋರಿಸ್ದೆ.’

ವಿಚಾರಣೆ ಅಲ್ಲಿಗೆ ನಿಂತಿತು. ಎಲ್ಲ ಹೊಣೆಗಾರರೂ ಸಿಕ್ಕಿದ್ದರು, ಶಿಕ್ಷೆ ಕೊಡುವುದು ಹೇಗೆಂದು ಮಾತ್ರ ನನ್ನ ಪುಸ್ತಕಗಳಲ್ಲಿ ಇರಲಿಲ್ಲ. ಕೆಳಗಿನ ಮೇಜಿನಲ್ಲಿ ಇದ್ದ ನಿಯಮ ಸರಳವಾಗಿತ್ತು. ರೋಗಿ ಒಂದು ರಾತ್ರಿ ಮಲಗಿದ್ದು ನಿಜ, ಆದರೆ ಚಿಕಿತ್ಸೆ ನಡೆದಿಲ್ಲ, ಆದ್ದರಿಂದ ಕಾರ್ಡು ನಡೆಯುವುದಿಲ್ಲ.

ಷರತ್ತಿನ ಪ್ರಕಾರ ಅಪ್ಪ ಈಗ ಮುಕ್ತನಾಗಿದ್ದ. ಅವನು ಹೇಗೆ ತಪ್ಪಿಸಿಕೊಳ್ಳುತ್ತಾನೆ ಎಂದು ನಾನು ಕಾಯುತ್ತಿದ್ದೆ. ಮುಂದಿನ ವಾರ ಹತ್ತಿರ ಬಂದಾಗ ಅವನೇ ನನ್ನನ್ನು ಪಕ್ಕಕ್ಕೆ ಕರೆದು, ಕಾರ್ಡನ್ನು ಜೇಬಿನಿಂದ ತೆಗೆದು ದೇವರ ಗೂಡಿನಲ್ಲಿ ಇಟ್ಟು, ಯಾರಿಗೂ ಹೇಳಬೇಡ, ಹಣ ನಾವೇ ಕಟ್ಟೋಣ, ಮನೆಯಲ್ಲಿಯೇ ಔಷಧ ಕುಡಿದು ಬೆಳಿಗ್ಗೆ ಹೋಗಿ ಮಧ್ಯಾಹ್ನ ಬಂದುಬಿಡೋಣ ಎಂದ. ತಂಗಿ ಅತ್ತದ್ದು ಅವನ ಹೊಟ್ಟೆಯಲ್ಲಿ ಹೋಳಿಗೆಗಿಂತ ಹೆಚ್ಚು ದಿನ ಉಳಿದಿತ್ತು. ಔಷಧ ಕುಡಿಯುವ ದಿನ ಅವ್ವ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಸಿ, ತಾನು ಪಕ್ಕದ ಮನೆಯಲ್ಲಿ ಹೋಗಿ ಕುಳಿತಳು. ಮನೆಯಲ್ಲಿ ಯಾರೂ ಇಲ್ಲವೆಂದು ಬಂದವರು ತಿಳಿಯಲಿ ಎಂಬ ಉಪಾಯ. ಒಳಗೆ ನಾನು ಅಪ್ಪನನ್ನು ಕಾದೆ, ಮತ್ತು ನಾನೂ ಉಪವಾಸವಿದ್ದೆ. ತ್ಯಾಗಕ್ಕಾಗಿ ಅಲ್ಲ. ಅಡುಗೆಮನೆಯ ಕೀಲಿಯನ್ನೂ ಅವ್ವ ಒಯ್ದಿದ್ದಳು.

ಈ ಸಲ ಪರದೆಯ ಮೇಲೆ ಕರುಳೇ ಕಂಡಿತು. ನೀರಿನಲ್ಲಿ ತೊಳೆದಿಟ್ಟ ಸುರಂಗದ ಹಾಗೆ ಗುಲಾಬಿ ಬಣ್ಣ, ಅದರ ಒಂದು ತಿರುವಿನಲ್ಲಿ ಕಡಲೆಕಾಳಿನಷ್ಟು ದೊಡ್ಡ ಗಂಟು. ಡಾಕ್ಟರಮ್ಮ ಅದನ್ನು ಅಲ್ಲಿಯೇ ತಂತಿಯ ಉರುಳು ಹಾಕಿ ಕತ್ತರಿಸಿ ತೆಗೆದರು. ಪರೀಕ್ಷೆಗೆ ಕಳಿಸಿದ್ದರ ಫಲಿತಾಂಶ ಬರುವವರೆಗೆ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ನಾನು ಯಾರಿಗೂ ಪತ್ರ ಬರೆಯಲಿಲ್ಲ. ಫಲಿತಾಂಶ ಬಂದಾಗ ಡಾಕ್ಟರಮ್ಮ ಹೇಳಿದರು: ಕ್ಯಾನ್ಸರು ಅಲ್ಲ, ಹಾಗೇ ಬಿಟ್ಟಿದ್ದರೆ ಮುಂದೆ ಆಗಬಹುದಾಗಿದ್ದ ಜಾತಿಯದು, ಈಗ ಅದು ಇಲ್ಲ, ಕೆಲವು ವರ್ಷ ಬಿಟ್ಟು ಇನ್ನೊಮ್ಮೆ ನೋಡೋಣ. ಅಪ್ಪ ಕೈ ಮುಗಿದು, ಮಿರ್ಚಿ ತಿನ್ನಬಹುದೇ ಎಂದು ಕೇಳಿದ.

ಸಂತೋಷದಲ್ಲಿಯೂ ನನ್ನ ಚಟ ನನ್ನನ್ನು ಬಿಡಲಿಲ್ಲ. ಗಂಟು ತೆಗೆದದ್ದು ಚಿಕಿತ್ಸೆಯಲ್ಲವೇ? ದೇವರ ಗೂಡಿನಿಂದ ಕಾರ್ಡು ತೆಗೆದುಕೊಂಡು ಮೇಜಿನ ಮುಂದೆ ನಿಂತೆ. ಕೊಟ್ರೇಶ ಕುರ್ಚಿ ತೋರಿಸಿದ. ಚಿಕಿತ್ಸೆ ಆಗಿದೆ ಎಂದು ಒಪ್ಪಿದ, ತಾನೂ ಸಂತೋಷಪಟ್ಟ. ಆದರೆ ಈ ಸಲ ರೋಗಿ ರಾತ್ರಿ ಮಲಗಿಲ್ಲ. ಮೊದಲ ಸಲ ಮಲಗಿದ್ದಾರೆ, ಎರಡನೆಯ ಸಲ ಚಿಕಿತ್ಸೆಯಾಗಿದೆ, ಎರಡನ್ನೂ ಕೂಡಿಸಿ ನೋಡಿ ಎಂದೆ. ‘ಒಂದ್ ಕಾಲು ಹೊಸಪೇಟ್ಯಾಗ, ಇನ್ನೊಂದ್ ಕಾಲು ಸಂಡೂರಾಗ ಇಟ್ಟು ನಿಂತಂಗ ಆಕ್ಕೈತ್ರಿ ಮೇಡಂ’ ಎಂದು ಆತ ತಲೆಯಾಡಿಸಿದ. ನಾನು ಎದ್ದು ನಿಂತು, ಒಂದು ಕಡಲೆಕಾಳಿನಷ್ಟು ಗಂಟು ತೆಗೆಯಲು ಇಲ್ಲದ ನಿಯಮ, ಅದು ಬೆಳೆದು ಮನುಷ್ಯನನ್ನು ತಿಂದ ಮೇಲೆ ಹೇಗೆ ಹುಟ್ಟಿಕೊಳ್ಳುತ್ತದೆ, ಇದಕ್ಕೆ ಹೊಣೆ ಯಾರು ಎಂದು ನರ್ಸಿಂಗ್ ಹೋಮಿನ ತುಂಬ ಕೇಳುವಂತೆ ಕೇಳಿದೆ. ಔಷಧದ ಅಂಗಡಿಯ ಸಾಲು ತಿರುಗಿ ನೋಡಿತು. ಕೊಟ್ರೇಶ ನನ್ನನ್ನು ಮತ್ತೆ ಕೂರಿಸಿ, ಮೇಜಿನ ಮೇಲೆ ಬಾಗಿ, ಧ್ವನಿ ತಗ್ಗಿಸಿದ.

‘ನಮ್ಮಪ್ಪಗೂ ಮಾಡಿಸ್ಬೇಕು ಅಂದಾರ್ರಿ ಈ ಪರೀಕ್ಷೆ. ನಮ್ ಕಂಪನಿ ನಮಗೂ ಕೊಡಂಗಿಲ್ಲ. ನಿಮ್ ಪತ್ರ ಮ್ಯಾಲಿನವ್ರು ನನಗ ಕಳಿಸಿದ್ರು, ಭಾಳ ಖಡಕ್ ಇತ್ರಿ, ನಾ ಎರಡ್ ಸಲ ಓದೇನಿ. ನಂದೂ ಒಂದು ಬರದು ಕೊಡ್ರಿ.’

ಬರೆದುಕೊಟ್ಟೆ. ಶತ್ರುವಿನ ಪಾಳೆಯದೊಳಗೆ ಕುಳಿತು, ಶತ್ರುವಿನ ಪೆನ್ನಿನಿಂದ, ಶತ್ರುವಿನ ಚಹಾ ಕುಡಿಯುತ್ತ ಬರೆದ ಆ ಪತ್ರ ನನ್ನ ಬರಹಗಳಲ್ಲೆಲ್ಲ ಉತ್ತಮವಾದದ್ದು ಎಂದು ನನ್ನ ನಂಬಿಕೆ. ಅದಕ್ಕೂ ಇನ್ನೂ ಉತ್ತರ ಬಂದಿಲ್ಲ. ಆದರೆ ಕೊಟ್ರೇಶ ತಂದೆಯನ್ನು ಕರೆದುಕೊಂಡು ಬಂದು ನೋಡಿಸಿದ, ಏನೂ ಇರಲಿಲ್ಲ. ಏನೂ ಇಲ್ಲವೆಂಬುದಕ್ಕೂ ಒಂದು ಬೆಲೆಯಿದೆ ಎಂದು ಕಂಪನಿಗಳು ಒಪ್ಪುವ ದಿನದವರೆಗೆ ನಾನು ಬರೆಯುತ್ತಲೇ ಇರುತ್ತೇನೆ.

ಮೊನ್ನೆ ಎಮ್ಮಿಗನೂರಿನ ಅತ್ತೆ ಬಂದಿದ್ದಳು. ಅವಳೂ ಬೆನ್ನಿಗೆ ಹುಟ್ಟಿದವಳೇ, ಅವಳ ಸರದಿ ಮುಂದಿನ ತಿಂಗಳು. ಹೆದರಿದ್ದಳು, ಆದ್ದರಿಂದ ಬುಟ್ಟಿ ತುಂಬ ಹೋಳಿಗೆ ಮಾಡಿ ತಂದಿದ್ದಳು. ಅಪ್ಪ ಅವಳ ಕಣ್ಣೆದುರಿಗೇ ಒಂದರ ಮೇಲೊಂದು ತಿನ್ನುತ್ತ ಧೈರ್ಯ ಹೇಳಿದ. ಅವಳು ಔಷಧ ಕುಡಿಯುವ ದಿನ ಬಾಗಿಲಲ್ಲಿ ತಾನೇ ಕುಳಿತು ಯಾರನ್ನೂ ಒಳಗೆ ಬಿಡುವುದಿಲ್ಲವೆಂದ. ಕಾವಲಿಗೆ ನಾನೂ ಬರುತ್ತೇನೆ ಎಂದೆ. ಬೇಡ, ನೀನು ಕಾಯುತ್ತೇನೆಂದು ಹೇಳಿ ಕೆಳಗೆ ಹೋಗಿ ಚಹಾ ಕುಡಿಯುತ್ತ ವಾದ ಮಾಡುತ್ತೀ, ಮೊದಲನೆಯ ಸಲ ಒಳಗೆ ಬಂದ ಹೋಳಿಗೆಗೆ ಹೊಣೆ ಯಾರು ಎಂದು ಅಪ್ಪ ನನ್ನ ಧ್ವನಿಯಲ್ಲಿಯೇ ಕೇಳಿದ. ನನ್ನ ವಿಚಾರಣೆಯಲ್ಲಿ ನಾನು ಎಲ್ಲರನ್ನೂ ಕೇಳಿದ್ದೆ, ನನ್ನೊಬ್ಬಳನ್ನು ಬಿಟ್ಟು. ಅತ್ತೆ ನಗತೊಡಗಿದಳು. ಅಪ್ಪ ಬೆರಳು ನೆಕ್ಕಿ ನನ್ನ ಕಡೆ ತಿರುಗಿದ.

‘ಡಾಕ್ಟರಮ್ಮ ಹೇಳ್ಯಾಳ, ಮಕ್ಕಳೂ ನಲವತ್ತಕ್ಕ ನೋಡಿಸ್ಬೇಕಂತ. ನಿನಗಿನ್ನಾ ಭಾಳ ವರ್ಷ ಐತಿ. ನಾ ಇರ್ತೀನಿ. ಅವತ್ತೂ ಬಾಗಲಾಗ ನಾನ ಕುಂದ್ರಾಂವ. ಒಂದ್ ಅಗಳ ಒಳಗ ಬಿಡಂಗಿಲ್ಲ. ಏನಂತಿ, ಉತ್ತರ ಹೇಳು.’

ಎಲ್ಲರಿಂದಲೂ ಉತ್ತರ ಕೇಳಿಯೇ ಬೆಳೆದವಳು ನಾನು. ಅವತ್ತು ಮಾತ್ರ ಹೇಳಲಾಗಲಿಲ್ಲ. ಗಂಟಲು ಕಟ್ಟಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಅತ್ತೆ ಎದುರಿಗೇ ಕುಳಿತು ನೋಡುತ್ತಿದ್ದಳು, ಬಾಯಲ್ಲಿ ಅವಳ ಹೋಳಿಗೆ ತುಂಬಿತ್ತು, ಅದೂ ಅರ್ಧವಲ್ಲ.